ಉರಿಯೂತದ ಸಂಧಿವಾತಕ್ಕೆ ಬಯಾಲಜಿಕ್ ಔಷಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ರುಮಟಾಯ್ಡ್ ಸಂಧಿವಾತ, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಉರಿಯೂತ) ಅಥವಾ ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ಬರುವ ಸಂಧಿವಾತ ಇರುವವರಿಗೆ ವೈದ್ಯರು ಒಂದು ಹಂತದಲ್ಲಿ ‘ಇನ್ನು ಬಯಾಲಜಿಕ್ ಶುರು ಮಾಡೋಣ’ ಎಂದಾಗ ರೋಗಿಗೂ ಮನೆಯವರಿಗೂ ಹಲವು ಅನುಮಾನಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಿಮ್ಮ ರೋಗದ ಪೂರ್ಣ ಚಿತ್ರ ನಿಮ್ಮ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಬಳಿ ಮಾತ್ರ ಇರುತ್ತದೆಯಾದ್ದರಿಂದ, ಇದನ್ನು ಓದಿ ಯಾವ ಔಷಧಿಯನ್ನೂ ತಾವಾಗಿಯೇ ಆರಂಭಿಸಬಾರದು, ನಿಲ್ಲಿಸಲೂಬಾರದು.

ಬಯಾಲಜಿಕ್ ಎಂದರೆ ಯಾವ ಬಗೆಯ ಔಷಧಿ?

ನಾವು ದಿನವೂ ನುಂಗುವ ಮಾತ್ರೆಗಳಲ್ಲಿರುವುದು ರಾಸಾಯನಿಕ ವಿಧಾನದಲ್ಲಿ ತಯಾರಾದ ಸಣ್ಣ ಅಣುಗಳು. ಬಯಾಲಜಿಕ್‌ಗಳು ಹಾಗಲ್ಲ. ಅವು ಪ್ರಯೋಗಾಲಯದಲ್ಲಿ ಸಾಕಿದ ಜೀವಕೋಶಗಳಿಂದ ತಯಾರಿಸಿ, ಶುದ್ಧೀಕರಿಸಿ ತೆಗೆದ ದೊಡ್ಡ ಪ್ರೋಟೀನ್‌ಗಳು. ಬಾಯಿಯ ಮೂಲಕ ಕೊಟ್ಟರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತವೆ. ಹೀಗಾಗಿ ಚರ್ಮದ ಅಡಿಗೆ ಇಂಜೆಕ್ಷನ್ ಆಗಿ ಅಥವಾ ರಕ್ತನಾಳಕ್ಕೆ ಡ್ರಿಪ್ ಆಗಿ ಕೊಡಬೇಕಾಗುತ್ತದೆ.

ಉರಿಯೂತದ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಈ ದಾಳಿಯಲ್ಲಿ ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಪ್ರೋಟೀನ್‌ಗಳು ಹಲವು ಇವೆ. ಟಿಎನ್‌ಎಫ್ ಎಂಬುದು ಅವುಗಳಲ್ಲಿ ಪ್ರಮುಖವಾದದ್ದು. ಇಂಟರ್‌ಲ್ಯೂಕಿನ್-6 ಮತ್ತು ಇಂಟರ್‌ಲ್ಯೂಕಿನ್-17 ಇನ್ನೆರಡು. ಒಂದೊಂದು ಬಯಾಲಜಿಕ್ ಇಂತಹ ಒಂದು ನಿರ್ದಿಷ್ಟ ಸಂದೇಶವನ್ನು ಅಥವಾ ಒಂದು ಬಗೆಯ ಬಿಳಿ ರಕ್ತಕಣವನ್ನು ಗುರಿಯಾಗಿಸಿ ತಡೆಯುತ್ತದೆ. ಟಿಎನ್‌ಎಫ್ ಒಂದನ್ನೇ ತಡೆದರೂ ರುಮಟಾಯ್ಡ್ ರೋಗ ಇಳಿಯುತ್ತದೆ ಎಂಬುದನ್ನು ತೋರಿಸಿದವರು ಲಂಡನ್ನಿನ ಕೆನಡಿ ಸಂಸ್ಥೆಯ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲವೇ ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮಾಬ್ ಕೊಟ್ಟು ನೋಡಿದ ಆ ಕೆಲಸಕ್ಕೆ 2003ರಲ್ಲಿ ಅವರಿಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಸಂದೇಶಗಳು ಇಷ್ಟೊಂದಿರುವಾಗ ಒಂದನ್ನು ತಡೆದು ಏನು ಪ್ರಯೋಜನ ಎಂಬುದೇ ಆಗಿನ ಬಹುಪಾಲು ತಜ್ಞರ ನಿಲುವಾಗಿತ್ತು.

ಎಲ್ಲ ಬಗೆಯ ಕೀಲುನೋವಿಗೂ ಇದು ಆಗುತ್ತದೆಯೇ?

ಇಲ್ಲ. ವಯಸ್ಸಾದಂತೆ ಮಂಡಿಚಿಪ್ಪು ಸವೆದು ಬರುವ ನೋವಿಗೆ ಬಯಾಲಜಿಕ್‌ನಿಂದ ಉಪಯೋಗವಿಲ್ಲ. ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಗೌಟ್‌ಗೆ ಬೇರೆಯೇ ಚಿಕಿತ್ಸೆ ಇದೆ. ಕರ್ನಾಟಕದಲ್ಲಿ 2006ರ ದೊಡ್ಡ ಅಲೆಯ ನಂತರ ಎಲ್ಲರಿಗೂ ಪರಿಚಿತವಾದ ಚಿಕೂನ್‌ಗುನ್ಯಾ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೈಬೆರಳ ಗೆಣ್ಣುಗಳನ್ನು ಊದಿಸಿ, ನೋಡುವುದಕ್ಕೆ ಥೇಟ್ ರುಮಟಾಯ್ಡ್‌ನಂತೆಯೇ ಕಾಣಬಹುದು. ಆದರೆ ಹೆಚ್ಚಿನವರಲ್ಲಿ ಅದು ನಿಧಾನವಾಗಿ ತಾನೇ ಇಳಿಯುವುದರಿಂದ ಅವಸರಪಟ್ಟು ಬಯಾಲಜಿಕ್ ಹಾಕುವುದಿಲ್ಲ.

ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈ ಮುಷ್ಟಿ ಕಟ್ಟಲಾಗದ ಬಿಗಿತ, ನಲ್ಲಿ ತಿರುಗಿಸಲು ಅಥವಾ ಡಬ್ಬದ ಮುಚ್ಚಳ ತೆಗೆಯಲು ಆಗದಿರುವುದು, ಮುಟ್ಟಿದರೆ ಮೆತ್ತಗೆ ಸಿಗುವ ಕೀಲಿನ ಊತ, ಓಡಾಡಿದಾಗ ಕಡಿಮೆಯಾಗಿ ಕೂತಾಗ ಹೆಚ್ಚಾಗುವ ನೋವು, ಇವು ಉರಿಯೂತದ ಲಕ್ಷಣಗಳು. ಯುವಕರಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕೆಳಬೆನ್ನು ನೋಯುತ್ತ, ಬೆಳಗಿನ ಜಾವ ನಿದ್ದೆಯಿಂದ ಎಬ್ಬಿಸುವಂತಿದ್ದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದೆಯೇ ಎಂದು ನೋಡಿಸಬೇಕು. ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಎಂಬ ಒಂದು ಲ್ಯಾಬ್ ಚೀಟಿ ಮಾತ್ರದಿಂದ ರೋಗ ನಿರ್ಧಾರವಾಗುವುದಿಲ್ಲ. ರೋಗವೇ ಇಲ್ಲದವರಲ್ಲೂ ಅದು ಪಾಸಿಟಿವ್ ಬರುತ್ತದೆ.

ಅಷ್ಟು ಒಳ್ಳೆಯ ಔಷಧಿಯಾದರೆ ಮೊದಲ ದಿನದಿಂದಲೇ ಏಕೆ ಕೊಡುವುದಿಲ್ಲ?

ರುಮಟಾಯ್ಡ್ ಸಂಧಿವಾತದಲ್ಲಿ ಮೊದಲ ಔಷಧಿ ಇವತ್ತಿಗೂ ಮೆಥೊಟ್ರೆಕ್ಸೇಟ್. ಅದು ಅಗ್ಗವೆಂಬುದು ಒಂದು ಕಾರಣ ಮಾತ್ರ. ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೆ ಗಣನೀಯ ಸಂಖ್ಯೆಯ ರೋಗಿಗಳಿಗೆ ಅದೊಂದೇ ಸಾಕಾಗುತ್ತದೆ ಎಂಬುದು ಮುಖ್ಯ ಕಾರಣ. ಸಾಲದಿದ್ದರೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮವಿದೆ. ಮೆಥೊಟ್ರೆಕ್ಸೇಟ್‌ನಿಂದ ಮಾತ್ರ ಹಿಡಿತಕ್ಕೆ ಬಾರದವರಲ್ಲಿ ಈ ಮೂರರ ಜೋಡಣೆಯನ್ನು ‘ಎಟನರ್ಸೆಪ್ಟ್ ಎಂಬ ಬಯಾಲಜಿಕ್ ಮತ್ತು ಮೆಥೊಟ್ರೆಕ್ಸೇಟ್’ ಜೋಡಿಯೊಡನೆ ಹೋಲಿಸಿದ ಅಮೆರಿಕದ ರಕಾಟ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸುಮಾರು ಒಂದು ವರ್ಷದ ಕೊನೆಗೆ ಮಾತ್ರೆಗಳ ಗುಂಪು ಇಂಜೆಕ್ಷನ್ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ಕೈಯಿಂದ ದುಡ್ಡು ಕೊಟ್ಟು ಔಷಧಿ ಕೊಳ್ಳುವ ನಮ್ಮಂತಹವರ ದೇಶದಲ್ಲಿ ಈ ಫಲಿತಾಂಶಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

‘ಮೆಥೊಟ್ರೆಕ್ಸೇಟ್ ನನಗೆ ಕೆಲಸ ಮಾಡಲಿಲ್ಲ’ ಎನ್ನುವವರ ಹಳೆಯ ಚೀಟಿಗಳನ್ನು ತಿರುವಿ ನೋಡಿದರೆ ಅನೇಕ ಬಾರಿ ಕಾಣುವುದು ವಾರಕ್ಕೆ 7.5 ಮಿಲಿಗ್ರಾಂ ಪ್ರಮಾಣ, ಅದೂ ಎರಡು ತಿಂಗಳಷ್ಟೇ. ಅದನ್ನು ವಾರಕ್ಕೆ 20ರಿಂದ 25 ಮಿಲಿಗ್ರಾಂವರೆಗೆ ಏರಿಸಬಹುದು. 15 ಮಿಲಿಗ್ರಾಂ ದಾಟಿದ ಮೇಲೆ ಮಾತ್ರೆ ಪೂರ್ತಿ ಹೀರಿಕೊಳ್ಳದಿದ್ದರೆ ಅಥವಾ ಹೊಟ್ಟೆ ತೊಳಸಿದರೆ ಅದೇ ಔಷಧಿಯನ್ನು ಚರ್ಮದಡಿಗೆ ಇಂಜೆಕ್ಷನ್ ಆಗಿ ಕೊಡಬಹುದು. ಜೊತೆಗೆ ಫೋಲಿಕ್ ಆಮ್ಲ ಇರಲೇಬೇಕು. ಹೀಗೆ ಏರಿಸಿ ನೋಡದೆ ಬಯಾಲಜಿಕ್‌ಗೆ ಜಿಗಿಯುವುದು ದುಬಾರಿ ಆತುರ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಮರೆತು ದಿನವೂ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಾಪಾಯವಾಗುತ್ತದೆ. ಔಷಧಿ ಅಂಗಡಿಯಿಂದ ತಂದ ಕೂಡಲೇ ಸ್ಟ್ರಿಪ್ಪಿನ ಹಿಂಭಾಗದಲ್ಲಿ ಪೆನ್ನಿನಿಂದ ‘ಭಾನುವಾರ ಮಾತ್ರ’ ಎಂದೋ ‘ಬುಧವಾರ ಮಾತ್ರ’ ಎಂದೋ ದೊಡ್ಡದಾಗಿ ಬರೆದಿಡಿ. ಮನೆಯಲ್ಲಿ ಔಷಧಿ ಎತ್ತಿಕೊಡುವವರು ಬೇರೆಯವರಾದರೆ ಅವರಿಗೂ ತೋರಿಸಿ.

ಹಾಗಾದರೆ ಯಾವಾಗ ಆರಂಭಿಸುತ್ತಾರೆ?

ಊತವಿರುವ ಕೀಲುಗಳು, ಒತ್ತಿದರೆ ನೋಯುವ ಕೀಲುಗಳು, ಉರಿಯೂತವನ್ನು ಅಳೆಯುವ ಇಎಸ್‌ಆರ್ ಅಥವಾ ಸಿಆರ್‌ಪಿ ರಕ್ತಪರೀಕ್ಷೆ ಮತ್ತು ರೋಗಿಯ ಸ್ವಂತ ಅಂದಾಜು, ಇವನ್ನು ಕೂಡಿಸಿ ಲೆಕ್ಕಹಾಕುವ ಡಾಸ್-28 ಎಂಬ ಅಂಕ ರುಮಟಾಯ್ಡ್‌ನಲ್ಲಿ ಬಳಕೆಯಲ್ಲಿದೆ. ಅದು 2.6ಕ್ಕಿಂತ ಕೆಳಗಿದ್ದರೆ ರೋಗ ಶಾಂತವಾಗಿದೆ ಎಂದೂ, 5.1 ದಾಟಿದರೆ ತೀವ್ರವಾಗಿದೆ ಎಂದೂ ಎಣಿಸುತ್ತಾರೆ. ಚಿಕಿತ್ಸೆಯಿಂದ ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಅಥವಾ ಆರು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ ಚಿಕಿತ್ಸೆ ಬದಲಿಸಬೇಕೆಂಬುದು ಯುರೋಪಿನ ತಜ್ಞರ ಮಾರ್ಗಸೂಚಿ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನ ದಾರಿ ಬೇರೆ: ಬೆನ್ನಿನ ರೋಗಕ್ಕೆ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದಿಲ್ಲ. ಹೀಗಾಗಿ ಎರಡು ಬಗೆಯ ಉರಿಯೂತ ಶಾಮಕ ನೋವಿನ ಮಾತ್ರೆಗಳು ಮತ್ತು ವ್ಯಾಯಾಮದಿಂದ ಸಾಲದಿದ್ದರೆ ನೇರವಾಗಿ ಬಯಾಲಜಿಕ್ ವಿಚಾರ ಬರುತ್ತದೆ.

ಯಾವ ಯಾವ ಬಯಾಲಜಿಕ್‌ಗಳಿವೆ, ನನಗೆ ಯಾವುದು?

ಹೆಚ್ಚು ಬಳಕೆಯಲ್ಲಿರುವುದು ಟಿಎನ್‌ಎಫ್ ತಡೆಯುವ ಗುಂಪು. ಅದಾಲಿಮುಮಾಬ್ 40 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಎಟನರ್ಸೆಪ್ಟ್ 50 ಮಿಲಿಗ್ರಾಂ ವಾರಕ್ಕೊಮ್ಮೆ, ಗೋಲಿಮುಮಾಬ್ 50 ಮಿಲಿಗ್ರಾಂ ತಿಂಗಳಿಗೊಮ್ಮೆ, ಇವು ಮನೆಯಲ್ಲೇ ತೆಗೆದುಕೊಳ್ಳಬಹುದಾದ ಇಂಜೆಕ್ಷನ್‌ಗಳು. ಇನ್‌ಫ್ಲಿಕ್ಸಿಮಾಬ್ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ. ಮೊದಲ ಡೋಸಿನ ನಂತರ ಎರಡನೇ ಮತ್ತು ಆರನೇ ವಾರ, ಆಮೇಲೆ ರುಮಟಾಯ್ಡ್‌ನಲ್ಲಿ ಎಂಟು ವಾರಕ್ಕೊಮ್ಮೆ. ಬಿ ಕೋಶಗಳೆಂಬ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಖಾಲಿಮಾಡುವ ರಿಟಕ್ಸಿಮಾಬ್ ಅನ್ನು ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಕೊಟ್ಟು, ಮತ್ತೆ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಪರಿಶೀಲಿಸುತ್ತಾರೆ. ಇಂಟರ್‌ಲ್ಯೂಕಿನ್-6 ತಡೆಯುವ ಟೊಸಿಲಿಜುಮಾಬ್, ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಪ್ರಚೋದನೆ ತಡೆಯುವ ಅಬಟಾಸೆಪ್ಟ್, ಇಂಟರ್‌ಲ್ಯೂಕಿನ್-17 ತಡೆಯುವ ಸೆಕುಕಿನುಮಾಬ್ ಉಳಿದ ಮುಖ್ಯ ಹೆಸರುಗಳು.

ರುಮಟಾಯ್ಡ್‌ನಲ್ಲಿ ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಮೇಲು ಎನ್ನುವಂತಿಲ್ಲ. ಆಯ್ಕೆಯನ್ನು ನಿರ್ಧರಿಸುವುದು ರೋಗಿಯ ಇತರ ತೊಂದರೆಗಳು. ಕಣ್ಣಿನ ಒಳಪೊರೆಯ ಉರಿಯೂತ ಮರುಕಳಿಸುತ್ತಿದ್ದರೆ ಅಥವಾ ಕ್ರೋನ್ಸ್‌ನಂತಹ ಕರುಳಿನ ಉರಿಯೂತವಿದ್ದರೆ ಅದಾಲಿಮುಮಾಬ್ ಅಥವಾ ಇನ್‌ಫ್ಲಿಕ್ಸಿಮಾಬ್ ಒಳ್ಳೆಯದು, ಎಟನರ್ಸೆಪ್ಟ್ ಅಲ್ಲಿ ಅಷ್ಟಾಗಿ ಒದಗುವುದಿಲ್ಲ. ಸೆಕುಕಿನುಮಾಬ್ ಬೆನ್ನಿನ ರೋಗಕ್ಕೂ ಸೋರಿಯಾಸಿಸ್‌ಗೂ ಸೊಗಸಾಗಿ ಹಿಡಿಯುತ್ತದೆ, ರುಮಟಾಯ್ಡ್‌ಗೆ ಅದನ್ನು ಬಳಸುವುದಿಲ್ಲ. ಕರುಳಿನ ಉರಿಯೂತ ಇದ್ದವರಲ್ಲಿ ಅದರಿಂದ ರೋಗ ಕೆರಳಬಹುದು. ಹೃದಯದ ಪಂಪಿಂಗ್ ಶಕ್ತಿ ತೀರಾ ಕುಗ್ಗಿದವರಿಗೆ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್‌ನಂತಹ ನರರೋಗ ಇರುವವರಿಗೆ ಟಿಎನ್‌ಎಫ್ ಗುಂಪನ್ನು ಕೊಡುವುದಿಲ್ಲ. ಯಾವುದೇ ಕಾರಣಕ್ಕೂ ಎರಡು ಬಯಾಲಜಿಕ್‌ಗಳನ್ನು ಒಟ್ಟಿಗೆ ಹಾಕುವುದಿಲ್ಲ, ಏಕೆಂದರೆ ಲಾಭ ಹೆಚ್ಚುವುದಿಲ್ಲ, ಸೋಂಕು ಹೆಚ್ಚುತ್ತದೆ.

ಬಯಾಲಜಿಕ್ ಆರಂಭವಾದ ಮೇಲೂ ಮೆಥೊಟ್ರೆಕ್ಸೇಟ್ ನುಂಗಬೇಕೇ?

ರುಮಟಾಯ್ಡ್‌ನಲ್ಲಿ ಹೆಚ್ಚಾಗಿ ಹೌದು. ಬಯಾಲಜಿಕ್ ದೇಹಕ್ಕೆ ಪರಕೀಯ ಪ್ರೋಟೀನ್ ಆಗಿರುವುದರಿಂದ ಅದರ ವಿರುದ್ಧವೇ ಪ್ರತಿಕಾಯಗಳು ಹುಟ್ಟಿ, ಮೊದಲು ಚೆನ್ನಾಗಿ ಕೆಲಸ ಮಾಡಿದ್ದ ಔಷಧಿ ವರ್ಷದೊಳಗೆ ಮೊಂಡಾಗಬಹುದು. ಮೆಥೊಟ್ರೆಕ್ಸೇಟ್ ಜೊತೆಗಿದ್ದರೆ ಈ ಸಾಧ್ಯತೆ ತಗ್ಗುತ್ತದೆ.

ಟಿಬಿ ಪರೀಕ್ಷೆ ಏಕೆ ಕಡ್ಡಾಯ? ನನಗೆ ಕೆಮ್ಮೇ ಇಲ್ಲವಲ್ಲ.

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನು ಓದಿ. ಕ್ಷಯದ ರೋಗಾಣು ದೇಹಕ್ಕೆ ಹೊಕ್ಕವರಲ್ಲಿ ಬಹುಪಾಲು ಮಂದಿಗೆ ರೋಗ ಬರುವುದಿಲ್ಲ. ಬಿಳಿ ರಕ್ತಕಣಗಳು ಅದನ್ನು ಸುತ್ತುವರಿದು ಗಂಟಿನೊಳಗೆ ಕೂಡಿಹಾಕಿರುತ್ತವೆ. ಆ ಗಂಟಿನ ಗೋಡೆ ಗಟ್ಟಿಯಾಗಿ ನಿಲ್ಲಲು ಟಿಎನ್‌ಎಫ್ ಬೇಕು. ಅದನ್ನೇ ನಾವು ಔಷಧಿಯಿಂದ ತಡೆದಾಗ ಗೋಡೆ ಕುಸಿದು, ವರ್ಷಗಳಿಂದ ಸುಮ್ಮನಿದ್ದ ರೋಗಾಣು ಎದ್ದು ಹರಡುತ್ತದೆ. ಇನ್‌ಫ್ಲಿಕ್ಸಿಮಾಬ್ ತೆಗೆದುಕೊಂಡವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳ ವರದಿ 2001ರಲ್ಲಿ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಈ ತಪಾಸಣೆ ಬಿಗಿಯಾಯಿತು. ಆ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ರೋಗ ಶ್ವಾಸಕೋಶದ ಹೊರಗೆ ಇತ್ತು. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಭಾರತದಲ್ಲೇ ಇರುವಾಗ ನಮಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ತಪಾಸಣೆಯೆಂದರೆ ಎದೆಯ ಎಕ್ಸ್‌ರೇ, ಮುಂಗೈಯ ಚರ್ಮದೊಳಗೆ ಚುಚ್ಚಿ ಎರಡು ಮೂರು ದಿನದ ಮೇಲೆ ಗಡಸು ಗಂಟನ್ನು ಅಳೆಯುವ ಮಾಂಟೂ ಪರೀಕ್ಷೆ, ಇಗ್ರಾ ಎಂಬ ರಕ್ತಪರೀಕ್ಷೆ, ಮತ್ತು ಇವೆಲ್ಲಕ್ಕಿಂತ ಮೊದಲು ಸರಿಯಾಗಿ ಕೇಳಿ ತಿಳಿದ ಚರಿತ್ರೆ. ಮನೆಯಲ್ಲಿ ಅಜ್ಜನಿಗೋ ಅಣ್ಣನಿಗೋ ಹಿಂದೆ ಟಿಬಿ ಆಗಿದ್ದರೆ ಅದನ್ನು ಸಂಕೋಚದಿಂದ ಮುಚ್ಚಿಡಬೇಡಿ. ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದಲೂ ಮಾಂಟೂ ಪಾಸಿಟಿವ್ ಬರಬಹುದು. ಇಗ್ರಾ ಮೇಲೆ ಬಿಸಿಜಿಯ ಪ್ರಭಾವವಿಲ್ಲ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಎರಡೂ ತಪ್ಪಾಗಿ ನೆಗೆಟಿವ್ ತೋರಿಸುವ ಸಾಧ್ಯತೆ ಇರುವುದರಿಂದ ವೈದ್ಯರು ಒಮ್ಮೊಮ್ಮೆ ಎರಡನ್ನೂ ಮಾಡಿಸುತ್ತಾರೆ. ಇದು ಲ್ಯಾಬಿನ ಬಿಲ್ ಏರಿಸುವ ಉಪಾಯವಲ್ಲ.

ಸುಪ್ತ ಕ್ಷಯ ಕಂಡುಬಂದರೆ ಬಯಾಲಜಿಕ್ ಬಾಗಿಲು ಮುಚ್ಚಿದಂತಲ್ಲ. ಐಸೋನಿಯಜಿಡ್ ಅನ್ನು ಆರು ತಿಂಗಳು ದಿನವೂ, ಅಥವಾ ಐಸೋನಿಯಜಿಡ್ ಮತ್ತು ರಿಫಾಪೆಂಟಿನ್ ಎರಡನ್ನೂ ಹನ್ನೆರಡು ವಾರ ವಾರಕ್ಕೊಮ್ಮೆ ತೆಗೆದುಕೊಳ್ಳುವ ತಡೆ ಚಿಕಿತ್ಸೆ ಇದೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ 2021ರ ಮಾರ್ಗಸೂಚಿ, ಟಿಎನ್‌ಎಫ್ ತಡೆಯುವ ಔಷಧಿ ಪಡೆಯುವವರನ್ನೂ ಈ ತಡೆ ಚಿಕಿತ್ಸೆಗೆ ಅರ್ಹರೆಂದು ಹೆಸರಿಸಿದೆ. ಕನಿಷ್ಠ ಒಂದು ತಿಂಗಳು ಕಳೆದ ಮೇಲೆ ಬಯಾಲಜಿಕ್ ಆರಂಭಿಸುವುದು ರೂಢಿ. ಐಸೋನಿಯಜಿಡ್ ಮತ್ತು ಮೆಥೊಟ್ರೆಕ್ಸೇಟ್ ಎರಡೂ ಲಿವರ್ ಮೇಲೆ ಭಾರ ಹಾಕುವುದರಿಂದ ಆ ಅವಧಿಯಲ್ಲಿ ರಕ್ತಪರೀಕ್ಷೆ ತಪ್ಪಿಸಬಾರದು, ಮದ್ಯ ಮುಟ್ಟಬಾರದು. ಸಕ್ರಿಯ ಕ್ಷಯವೇ ಇದ್ದರೆ ಮಾತ್ರ ಮೊದಲು ಅದರ ಚಿಕಿತ್ಸೆ ಆಗಬೇಕು.

ಆರಂಭದ ಪರೀಕ್ಷೆ ನೆಗೆಟಿವ್ ಬಂದಿತೆಂದು ಅಲ್ಲಿಗೇ ಮರೆಯುವಂತಿಲ್ಲ. ಬಸ್ಸಿನಲ್ಲೋ ಕಚೇರಿಯಲ್ಲೋ ಹೊಸದಾಗಿಯೂ ಸೋಂಕು ತಗಲಬಹುದು. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಬರುವ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕುತ್ತಿಗೆಯ ಗಂಟು, ಹೊಟ್ಟೆ ಉಬ್ಬುವುದು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಡೋಸ್ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಅಪಾಯ ಎಲ್ಲ ಔಷಧಿಗಳಲ್ಲೂ ಒಂದೇ ಸಮನಾಗಿಲ್ಲ: ಟಿಎನ್‌ಎಫ್ ಗುಂಪಿನಲ್ಲೇ ಎಟನರ್ಸೆಪ್ಟ್‌ನಲ್ಲಿ ಕಡಿಮೆ, ರಿಟಕ್ಸಿಮಾಬ್‌ನಲ್ಲಿ ಇನ್ನೂ ಕಡಿಮೆ.

ಇನ್ನಾವ ಪರೀಕ್ಷೆಗಳಿರುತ್ತವೆ?

ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ, ರಕ್ತಕಣಗಳ ಎಣಿಕೆ, ಲಿವರ್ ಮತ್ತು ಮೂತ್ರಪಿಂಡದ ಪರೀಕ್ಷೆ. ಇವುಗಳಲ್ಲಿ ಹೆಪಟೈಟಿಸ್ ಬಿ ಬಗ್ಗೆ ವಿಶೇಷ ಗಮನ ಬೇಕು. ಹಿಂದೆಂದೋ ಬಂದು ವಾಸಿಯಾದಂತೆ ಕಂಡ ಸೋಂಕು ಕೂಡ ರಿಟಕ್ಸಿಮಾಬ್ ಕೊಟ್ಟಾಗ ಮರುಕಳಿಸಿ ಲಿವರ್ ವಿಫಲವಾಗುವ ಮಟ್ಟಕ್ಕೆ ಹೋಗಬಹುದು. ಆದ್ದರಿಂದ ಈಗಿನ ಸೋಂಕನ್ನು ತೋರಿಸುವ ಮೇಲ್ಮೈ ಪ್ರತಿಜನಕದ ಜೊತೆಗೆ ಹಿಂದಿನ ಸೋಂಕಿನ ಗುರುತಾದ ಕೋರ್ ಪ್ರತಿಕಾಯವನ್ನೂ ನೋಡಿಸಬೇಕು.

ಲಸಿಕೆಗಳ ವಿಷಯವೇನು?

ಸಾಧ್ಯವಾದಷ್ಟೂ ಬಯಾಲಜಿಕ್ ಆರಂಭಕ್ಕೆ ಮೊದಲೇ ಹಾಕಿಸಿಕೊಳ್ಳಬೇಕು. ನ್ಯುಮೋನಿಯಾ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಹೆಪಟೈಟಿಸ್ ಬಿ ಲಸಿಕೆ ಮತ್ತು ವಯಸ್ಸಾದವರಿಗೆ ಸರ್ಪಸುತ್ತಿನ ನಿರ್ಜೀವ ಲಸಿಕೆ ಮುಖ್ಯವಾದವು. ರಿಟಕ್ಸಿಮಾಬ್ ಪಡೆದ ಮೇಲೆ ಹಲವು ತಿಂಗಳು ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಆ ಔಷಧಿಗೆ ಕನಿಷ್ಠ ನಾಲ್ಕು ವಾರ ಮುಂಚೆಯೇ ಇವು ಮುಗಿದಿರಬೇಕು. ಜೀವಂತ ರೋಗಾಣು ಇರುವ ಲಸಿಕೆಗಳನ್ನು, ಅಂದರೆ ದಡಾರ, ಹಳದಿ ಜ್ವರ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಂತಹವನ್ನು, ಚಿಕಿತ್ಸೆ ನಡೆಯುತ್ತಿರುವಾಗ ಹಾಕಿಸಬಾರದು. ಆಫ್ರಿಕಾದ ಕೆಲವು ದೇಶಗಳಿಗೆ ಕೆಲಸದ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆಯ ಪ್ರಶ್ನೆಯನ್ನು ಟಿಕೆಟ್ ತೆಗೆಸುವ ಮುನ್ನವೇ ವೈದ್ಯರ ಬಳಿ ಇತ್ಯರ್ಥ ಮಾಡಿಕೊಳ್ಳಬೇಕು.

ಮನೆಯಲ್ಲೇ ಇಂಜೆಕ್ಷನ್ ತೆಗೆದುಕೊಳ್ಳುವುದು ಕಷ್ಟವೇ? ಕರೆಂಟ್ ಹೋದರೆ ಔಷಧಿ ಕೆಡುತ್ತದೆಯೇ?

ಚುಚ್ಚಿಕೊಳ್ಳುವುದು ಕಲಿತರೆ ಸುಲಭ. ಔಷಧಿಯನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು; ತಣ್ಣಗಿದ್ದಾಗ ಚುಚ್ಚಿದರೆ ಉರಿ ಹೆಚ್ಚು. ಬೇಗ ಬೆಚ್ಚಗಾಗಲೆಂದು ಬಿಸಿನೀರಿನಲ್ಲಿ ಅದ್ದುವುದು, ಬಿಸಿಲಿಗಿಡುವುದು ಬೇಡ. ಇಂಜೆಕ್ಷನ್ ಪೆನ್ನಿನ ಪುಟ್ಟ ಕಿಟಕಿಯಲ್ಲಿ ದ್ರವ ಮೋಡಗಟ್ಟಿದಂತೆ ಅಥವಾ ಬಣ್ಣ ತಿರುಗಿದಂತೆ ಕಂಡರೆ ಬಳಸಬಾರದು. ತೊಡೆಯ ಮುಂಭಾಗ, ಅಥವಾ ಹೊಕ್ಕುಳಿನಿಂದ 5 ಸೆಂಟಿಮೀಟರ್ ದೂರ ಬಿಟ್ಟು ಹೊಟ್ಟೆ, ಇವು ಸೂಕ್ತ ಜಾಗಗಳು. ಪ್ರತಿ ಸಲ ಜಾಗ ಬದಲಿಸಿ, ಚುಚ್ಚಿದ ಮೇಲೆ ಉಜ್ಜಬೇಡಿ. ಅಂಗೈಯಗಲ ಕೆಂಪಾಗಿ ಎರಡು ಮೂರು ದಿನ ತುರಿಸುವುದು ಆರಂಭದಲ್ಲಿ ಸಾಮಾನ್ಯ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಔಷಧಿ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ. ಫ್ರೀಜರ್‌ಗೆ ತಾಗಿದ ಜಾಗವೂ ಬೇಡ, ಪದೇ ಪದೇ ತೆರೆಯುವ ಬಾಗಿಲಿನ ಅರೆಯೂ ಬೇಡ. ನಡುವಿನ ಅರೆ ಒಳ್ಳೆಯದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ನಿರುಪಯೋಗಿ. ಅದಾಲಿಮುಮಾಬ್ ಅನ್ನು ಹೊರಗೆ ಹದಿನಾಲ್ಕು ದಿನ ಇಡಬಹುದೆಂದು ಔಷಧಿ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಓದಿ ನಿಶ್ಚಿಂತರಾಗುವವರಿದ್ದಾರೆ. ಆ ಮಾತು 25 ಡಿಗ್ರಿಯವರೆಗಿನ ಕೋಣೆಗೆ ಅನ್ವಯ. ಏಪ್ರಿಲ್‌ನ ರಾಯಚೂರು, ಕಲಬುರಗಿಯ ಮನೆಗಳಿಗೆ ಅಲ್ಲವೇ ಅಲ್ಲ. ಬೆಂಗಳೂರಿನಿಂದ ಊರಿಗೆ ಒಯ್ಯುವವರು ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ, ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಒಯ್ಯಬೇಕು. ವಿಮಾನದಲ್ಲಾದರೆ ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ.

ಎಷ್ಟು ದಿನಗಳಲ್ಲಿ ಗುಣ ಕಾಣುತ್ತದೆ?

ಟಿಎನ್‌ಎಫ್ ಗುಂಪಿನಲ್ಲಿ ಕೆಲವರಿಗೆ ಎರಡು ವಾರದಲ್ಲೇ ಬೆಳಗಿನ ಬಿಗಿತ ಸಡಿಲವಾಗುತ್ತದೆ. ಪೂರ್ತಿ ಲೆಕ್ಕಕ್ಕೆ ಹನ್ನೆರಡು ವಾರ ಕಾಯಬೇಕು. ರಿಟಕ್ಸಿಮಾಬ್ ಮತ್ತು ಅಬಟಾಸೆಪ್ಟ್ ನಿಧಾನ. ಈಗಾಗಲೇ ಸವೆದುಹೋದ ಅಥವಾ ಸೊಟ್ಟಗಾದ ಕೀಲನ್ನು ಯಾವ ಬಯಾಲಜಿಕ್ ಕೂಡ ಮೊದಲಿನಂತೆ ಮಾಡುವುದಿಲ್ಲ. ಒಂದು ಕೆಲಸ ಮಾಡದಿದ್ದರೆ ಅದೇ ಗುಂಪಿನ ಇನ್ನೊಂದಕ್ಕೋ ಬೇರೆ ಗುಂಪಿಗೋ ಬದಲಾಯಿಸಬಹುದು.

ಇಂಜೆಕ್ಷನ್ ಸರದಿಯ ದಿನ ಜ್ವರ ಬಂದರೆ?

ಆ ಡೋಸ್ ತೆಗೆದುಕೊಳ್ಳಬೇಡಿ. ಜ್ವರ, ಉರಿಮೂತ್ರ, ಕೀವಿನ ಹಲ್ಲು, ಕಾಲಿನ ಹುಣ್ಣು, ಆ್ಯಂಟಿಬಯಾಟಿಕ್ ನಡೆಯುತ್ತಿರುವುದು, ಇವೆಲ್ಲ ಮುಂದೂಡಲು ಸಾಕಾದ ಕಾರಣಗಳು. ಒಂದು ವಾರ ತಡವಾದರೆ ಕೀಲಿಗೆ ಆಗುವ ನಷ್ಟ ಅಲ್ಪ, ಸೋಂಕಿನ ನಡುವೆ ಚುಚ್ಚಿಕೊಂಡರೆ ಆಗುವ ನಷ್ಟ ದೊಡ್ಡದು. ಡ್ರಿಪ್ ಕೋಣೆಯಲ್ಲಿ ನರ್ಸ್ ಪ್ರತಿ ಸಲವೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ದೂರದಿಂದ ಬಂದಿದ್ದೇವೆ, ವಾಪಸು ಕಳಿಸಿಬಿಟ್ಟರೆ ಎಂಬ ಭಯದಿಂದ ಕೆಮ್ಮನ್ನು ಮುಚ್ಚಿಟ್ಟು ‘ಏನೂ ಇಲ್ಲ ಸಿಸ್ಟರ್’ ಎನ್ನುವವರು ಕಡಿಮೆಯಿಲ್ಲ. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ ಕೇಳಿದರೆ ಈ ಪೇಚಾಟ ತಪ್ಪುತ್ತದೆ.

ಟೊಸಿಲಿಜುಮಾಬ್ ತೆಗೆದುಕೊಳ್ಳುವವರು ನೆನಪಿಡಬೇಕಾದ ಮಾತೊಂದಿದೆ. ಆ ಔಷಧಿ ಸಿಆರ್‌ಪಿಯನ್ನು ಬಲವಂತವಾಗಿ ಇಳಿಸಿಬಿಡುತ್ತದೆ, ಜ್ವರವನ್ನೂ ಮಂಕಾಗಿಸುತ್ತದೆ. ಸಿಆರ್‌ಪಿ ಸಹಜವಾಗಿದೆ ಎಂಬ ಕಾರಣಕ್ಕೆ ಸೋಂಕಿಲ್ಲವೆಂದು ತೀರ್ಮಾನಿಸುವಂತಿಲ್ಲ. ಬೇರೆ ವೈದ್ಯರ ಬಳಿ ಹೋದಾಗ ಈ ಔಷಧಿಯ ಹೆಸರನ್ನು ತಪ್ಪದೆ ಹೇಳಬೇಕು. ಹಸಿ ಹಾಲು, ಅರೆಬೆಂದ ಮಾಂಸ ಮೊಟ್ಟೆ ಯಾವ ಬಯಾಲಜಿಕ್ ಇದ್ದರೂ ಬೇಡ.

ಇದರಿಂದ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ, ನಿಜವೇ?

ದೀರ್ಘಕಾಲ ತೀವ್ರವಾಗಿರುವ ರುಮಟಾಯ್ಡ್ ರೋಗವೇ ಲಿಂಫೋಮಾ ಎಂಬ ಕ್ಯಾನ್ಸರ್‌ನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಅದಕ್ಕೂ ಮೇಲೆ ಟಿಎನ್‌ಎಫ್ ಔಷಧಿಗಳು ಒಟ್ಟಾರೆ ಕ್ಯಾನ್ಸರನ್ನು ಹೆಚ್ಚಿಸುವುದು ದೊಡ್ಡ ರೋಗಿ ದಾಖಲಾತಿಗಳಲ್ಲಿ ಕಂಡುಬಂದಿಲ್ಲ. ಚರ್ಮದ ಕೆಲವು ಕ್ಯಾನ್ಸರ್‌ಗಳು ಮಾತ್ರ ಸ್ವಲ್ಪ ಹೆಚ್ಚಿರಬಹುದು. ಹಿಂದೆ ಕ್ಯಾನ್ಸರ್ ಆಗಿ ಗುಣವಾದವರಲ್ಲಿ ನಿರ್ಧಾರವನ್ನು ಕ್ಯಾನ್ಸರ್ ತಜ್ಞರೊಡನೆ ಸೇರಿ ಮಾಡುತ್ತಾರೆ.

ಬಯೋಸಿಮಿಲರ್ ಎಂದರೆ ನಕಲಿ ಔಷಧಿಯೇ?

ಅಲ್ಲ. ಮೂಲ ಬಯಾಲಜಿಕ್‌ನ ಪೇಟೆಂಟ್ ಮುಗಿದ ಮೇಲೆ ಅಥವಾ ಪೇಟೆಂಟ್ ಇಲ್ಲದ ದೇಶದಲ್ಲಿ ಬೇರೊಂದು ಕಂಪನಿ ಅದೇ ಪ್ರೋಟೀನನ್ನು ತಯಾರಿಸಿ, ರಚನೆಯಲ್ಲೂ ಪರಿಣಾಮದಲ್ಲೂ ಸುರಕ್ಷತೆಯಲ್ಲೂ ಗಣನೀಯ ವ್ಯತ್ಯಾಸವಿಲ್ಲವೆಂದು ತೋರಿಸಿ ಅನುಮತಿ ಪಡೆದ ಔಷಧಿ ಅದು. ಈ ಕ್ಷೇತ್ರದಲ್ಲಿ ಭಾರತ ಮುಂದಿದೆ: ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ರಿಟಕ್ಸಿಮಾಬ್ ಅನ್ನೂ, ಅಹಮದಾಬಾದಿನ ಜೈಡಸ್ 2014ರ ಡಿಸೆಂಬರ್‌ನಲ್ಲಿ ಅದಾಲಿಮುಮಾಬ್ ಅನ್ನೂ ಮಾರುಕಟ್ಟೆಗೆ ತಂದವು. ಬೆಂಗಳೂರಿನ ಬಯೋಕಾನ್ ತಯಾರಿಸುವ ಬಯೋಸಿಮಿಲರ್‌ಗಳು ಹೊರದೇಶಗಳಿಗೂ ಹೋಗುತ್ತವೆ. ಇಂತಹ ಔಷಧಿಗಳಿಗೆ ಅನುಮತಿ ಕೊಡುವ ಕ್ರಮವನ್ನು ನಿಗದಿಪಡಿಸಿದ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದು 2012ರಲ್ಲಿ, ಪರಿಷ್ಕೃತವಾದದ್ದು 2016ರಲ್ಲಿ. ಬ್ರ್ಯಾಂಡ್ ಬದಲಾಯಿಸುವುದಾದರೆ ವೈದ್ಯರಿಗೆ ಗೊತ್ತಿದ್ದೇ ಬದಲಾಯಿಸಬೇಕು. ಪ್ರತಿ ಡೋಸಿನ ಬ್ರ್ಯಾಂಡ್ ಹೆಸರನ್ನೂ ಬ್ಯಾಚ್ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಖರ್ಚನ್ನು ಹೇಗೆ ಹೊಂದಿಸುವುದು?

ಮೊದಲು ವೈದ್ಯರೊಡನೆ ದುಡ್ಡಿನ ಮಾತನ್ನು ಬಿಚ್ಚಿ ಆಡಿ. ಎರಡು ಡೋಸ್ ತೆಗೆದುಕೊಂಡು ಹಣ ಸಾಲದೆ ನಿಲ್ಲಿಸಿ, ಆರು ತಿಂಗಳ ಮೇಲೆ ಮತ್ತೆ ಎರಡು ಡೋಸ್ ಹಾಕಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಹಾಗೆ ಬಿಟ್ಟು ಬಿಟ್ಟು ತೆಗೆದುಕೊಂಡಾಗ, ಮುಖ್ಯವಾಗಿ ಇನ್‌ಫ್ಲಿಕ್ಸಿಮಾಬ್‌ನಲ್ಲಿ, ಔಷಧಿಯ ವಿರುದ್ಧ ಪ್ರತಿಕಾಯ ಮತ್ತು ಅಲರ್ಜಿ ಎರಡೂ ಹೆಚ್ಚು. ಒಂದು ವರ್ಷ ನಿಭಾಯಿಸಲು ಆಗುವ ಔಷಧಿಯನ್ನೇ ಆರಿಸಬೇಕು. ಆರೋಗ್ಯ ವಿಮೆ ಇದ್ದವರು ಗಮನಿಸಬೇಕಾದ್ದೆಂದರೆ, ಅನೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ಡೇ ಕೇರ್ ಆಗಿ ಕೊಟ್ಟ ಡ್ರಿಪ್ಪಿಗೆ ಹಣ ಕೊಡುತ್ತವೆ, ಮನೆಯಲ್ಲಿ ಚುಚ್ಚಿಕೊಳ್ಳುವ ಇಂಜೆಕ್ಷನ್ನನ್ನು ಹೊರರೋಗಿ ಖರ್ಚೆಂದು ತಳ್ಳಿಹಾಕುತ್ತವೆ. ಔಷಧಿಯ ಆಯ್ಕೆಗೆ ಮುಂಚೆಯೇ ಪಾಲಿಸಿಯ ಷರತ್ತನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಇಎಸ್‌ಐ ಅಥವಾ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಇದ್ದವರು ಪೂರ್ವಾನುಮತಿಗೆ ಅರ್ಜಿ ಹಾಕುವಾಗ ಹಿಂದಿನ ಔಷಧಿಗಳ ಪ್ರಮಾಣ, ಅವಧಿ, ಡಾಸ್-28 ಅಂಕಗಳನ್ನು ವೈದ್ಯರಿಂದ ಬರೆಸಿ ಲಗತ್ತಿಸಬೇಕು.

ಇಂಜೆಕ್ಷನ್ ಬದಲು ಟೊಫಾಸಿಟಿನಿಬ್ ಮಾತ್ರೆ ಸಾಕು ಎನ್ನುತ್ತಾರಲ್ಲ?

ಟೊಫಾಸಿಟಿನಿಬ್, ಬಾರಿಸಿಟಿನಿಬ್, ಉಪಾಡಾಸಿಟಿನಿಬ್ ಬಯಾಲಜಿಕ್‌ಗಳಲ್ಲ. ಉರಿಯೂತದ ಸಂದೇಶವನ್ನು ಮುಂದೆ ಸಾಗಿಸುವ ಜೇಕ್ ಎಂಬ ಕಿಣ್ವವನ್ನು ಕೋಶದೊಳಗೇ ತಡೆಯುವ ಮಾತ್ರೆಗಳು. ಪರಿಣಾಮದಲ್ಲಿ ಬಯಾಲಜಿಕ್‌ಗೆ ಸರಿಸಾಟಿ, ಫ್ರಿಜ್ ಬೇಡ, ಟೊಫಾಸಿಟಿನಿಬ್ ಅಂತೂ ಭಾರತೀಯ ಕಂಪನಿಗಳ ತಯಾರಿಕೆಯಿಂದ ಅಗ್ಗವೂ ಆಗಿದೆ. ಆದರೆ 50 ದಾಟಿದ, ಹೃದ್ರೋಗದ ಒಂದಾದರೂ ಅಪಾಯಕಾರಿ ಅಂಶವಿರುವವರಲ್ಲಿ ಅದನ್ನು ಟಿಎನ್‌ಎಫ್ ಔಷಧಿಗಳೊಡನೆ ಹೋಲಿಸಿದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಘಟನೆಗಳೂ ಕ್ಯಾನ್ಸರ್ ಕೂಡ ಹೆಚ್ಚು ಕಂಡವು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಗುಂಪಿಗೆಲ್ಲ ಗಂಭೀರ ಎಚ್ಚರಿಕೆ ಸೇರಿಸಿದರು. ಧೂಮಪಾನಿಗಳು, ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸರ್ಪಸುತ್ತು ಇದರಲ್ಲಿ ಹೆಚ್ಚು, ಟಿಬಿ ತಪಾಸಣೆ ಇದಕ್ಕೂ ಬೇಕು. ಮಾತ್ರೆ ಎಂಬ ಕಾರಣಕ್ಕೆ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು ನುಂಗುವುದನ್ನು ಕಂಡಾಗ ನನಗೆ ಆತಂಕವಾಗುತ್ತದೆ.

ಜೊತೆಗೆ ನಾಟಿ ಔಷಧಿ, ಪಥ್ಯ ಮಾಡಬಹುದೇ?

ಹುಳಿ, ಬದನೆ, ಆಲೂಗಡ್ಡೆ ಬಿಟ್ಟರೆ ಉರಿಯೂತ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಧೂಮಪಾನ ಬಿಟ್ಟರೆ, ತೂಕ ಇಳಿಸಿದರೆ ಲಾಭವಿದೆ. ಹೆಸರಿಲ್ಲದ ಪೊಟ್ಟಣದ ಪುಡಿ, ಕಪ್ಪು ಗುಳಿಗೆಗಳಿಂದ ದೂರವಿರಿ. ಮೂರೇ ದಿನದಲ್ಲಿ ನೋವು ಮಾಯವಾಯಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಅನುಮಾನ ಪಡಬೇಕು. ಬಯಾಲಜಿಕ್ ಮೇಲೆ ಅದೂ ಸೇರಿದರೆ ಸೋಂಕಿನ ಅಪಾಯ ಏರುತ್ತದೆ. ಬಹುಕಾಲದಿಂದ ಅಂತಹದ್ದನ್ನು ಸೇವಿಸುತ್ತಿದ್ದರೆ ದಿಢೀರನೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಮಗು ಬೇಕೆಂದಿದ್ದೇವೆ. ಏನು ಮಾಡಬೇಕು?

ಗರ್ಭ ನಿಂತ ಮೇಲೆ ಹೇಳುವ ಬದಲು ಮೊದಲೇ ಹೇಳಿ. ಮಹಿಳೆಯರು ಮೆಥೊಟ್ರೆಕ್ಸೇಟ್ ಅನ್ನು ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮುಂಚೆ ನಿಲ್ಲಿಸಬೇಕು. ಸಂಧಿವಾತದ ಇನ್ನೊಂದು ಮಾತ್ರೆಯಾದ ಲೆಫ್ಲುನೊಮೈಡ್ ತೆಗೆದುಕೊಂಡಿದ್ದರೆ ಅದನ್ನು ದೇಹದಿಂದ ಹೊರಹಾಕಲು ಪ್ರತ್ಯೇಕ ಔಷಧಿ ಬೇಕು. ಟಿಎನ್‌ಎಫ್ ಗುಂಪಿನ ಔಷಧಿಗಳನ್ನು ಗರ್ಭಾವಸ್ಥೆಯಲ್ಲಿ ಮುಂದುವರಿಸಬಹುದು, ಎದೆಹಾಲು ಕುಡಿಸುವಾಗಲೂ ಅಡ್ಡಿಯಿಲ್ಲ. ರೋಗ ಕೆರಳಿಸಿಕೊಂಡು ಸ್ಟಿರಾಯ್ಡ್ ನುಂಗುವುದಕ್ಕಿಂತ ಇದು ಉತ್ತಮ. ಆದರೆ ಕೊನೆಯ ತಿಂಗಳುಗಳಲ್ಲಿ ಇವು ಮಾಸುವಿನ ಮೂಲಕ ಮಗುವಿಗೆ ಹೋಗುತ್ತವೆ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಹುಟ್ಟಿದ ದಿನವೇ ಬಿಸಿಜಿ ಹಾಕುವ ಪದ್ಧತಿ ಇರುವುದರಿಂದ, ಆ ಮಗುವಿಗೆ ಜೀವಂತ ಲಸಿಕೆಯಾದ ಬಿಸಿಜಿಯನ್ನು ಸಾಮಾನ್ಯವಾಗಿ ಆರು ತಿಂಗಳು ಮುಂದೂಡಬೇಕೆಂಬುದನ್ನು ತಾಯಿ ಕಾರ್ಡಿನ ಮೇಲೆ ಮೊದಲೇ ಬರೆಸಿಟ್ಟು, ಜೊತೆಗೆ ಬರುವ ತಾಯಿಗೋ ಅತ್ತೆಗೋ ಹೇಳಿಡಬೇಕು. ಹೆರಿಗೆಯಾದ ಗಡಿಬಿಡಿಯಲ್ಲಿ ನೆನಪಿಸಲು ಬಾಣಂತಿಗೆ ಆಗುವುದಿಲ್ಲ.

ಆಪರೇಷನ್ ಆಗಬೇಕಿದ್ದರೆ?

ಮಂಡಿ ಬದಲಾವಣೆಯಂತಹ ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಯನ್ನು ಒಂದು ಡೋಸಿನ ಅವಧಿ ಪೂರ್ತಿ ಮುಗಿದ ಮೇಲೆ ಇಟ್ಟುಕೊಂಡು, ಗಾಯ ಒಣಗಿ ಹೊಲಿಗೆ ತೆಗೆದ ನಂತರ, ಸುಮಾರು ಎರಡು ವಾರಕ್ಕೆ, ಮತ್ತೆ ಆರಂಭಿಸುತ್ತಾರೆ. ಮೆಥೊಟ್ರೆಕ್ಸೇಟ್ ನಿಲ್ಲಿಸುವ ಅಗತ್ಯವಿಲ್ಲ.

ಜೀವನಪೂರ್ತಿ ತೆಗೆದುಕೊಳ್ಳಬೇಕೇ?

ಬಯಾಲಜಿಕ್ ರೋಗವನ್ನು ಅಡಗಿಸಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಸ್ಟಿರಾಯ್ಡ್ ಇಲ್ಲದೆ ಕನಿಷ್ಠ ಆರು ತಿಂಗಳು ರೋಗ ಪೂರ್ತಿ ಶಾಂತವಾಗಿದ್ದವರಲ್ಲಿ ಡೋಸ್ ತಗ್ಗಿಸಬಹುದು, ಅಥವಾ ಎರಡು ವಾರದ ಇಂಜೆಕ್ಷನ್ನನ್ನು ಮೂರು ವಾರಕ್ಕೆ, ಮುಂದೆ ನಾಲ್ಕು ವಾರಕ್ಕೆ ವಿಸ್ತರಿಸಬಹುದು. ಹೀಗೆ ಅಂತರ ಹೆಚ್ಚಿಸಿದವರಲ್ಲಿ ಹಲವರು ಚೆನ್ನಾಗಿಯೇ ಇರುತ್ತಾರೆ. ಒಮ್ಮೆಲೇ ನಿಲ್ಲಿಸಿದವರಲ್ಲಿ ರೋಗ ಮರಳುವುದು ಹೆಚ್ಚು, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಂತೂ ಬಹುಪಾಲು ಮಂದಿಗೆ ಮರಳುತ್ತದೆ. ರೋಗ ಬೇಗ ಪತ್ತೆಯಾಗಿ ಬೇಗ ಚಿಕಿತ್ಸೆ ಪಡೆದವರಿಗೆ ಔಷಧಿ ಇಳಿಸುವ ಅವಕಾಶ ಹೆಚ್ಚು. ಇಳಿಸುವಾಗ ಮೊದಲು ತೆಗೆಯುವುದು ಸ್ಟಿರಾಯ್ಡ್, ಆಮೇಲೆ ಬಯಾಲಜಿಕ್, ಮೆಥೊಟ್ರೆಕ್ಸೇಟ್ ಸಾಮಾನ್ಯವಾಗಿ ಕೊನೆಯವರೆಗೂ ಇರುತ್ತದೆ. ಅಂತರ ಹೆಚ್ಚಿಸಿದ ಮೇಲೆ ಬೆಳಗಿನ ಬಿಗಿತ ಮತ್ತೆ ಉದ್ದವಾಗತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ತೋರಿಸಿ. ಹಿಂದಿನ ಅಂತರಕ್ಕೆ ಮರಳಿದರೆ ಹೆಚ್ಚಿನವರಲ್ಲಿ ಅದೇ ಔಷಧಿ ಮತ್ತೆ ಹಿಡಿಯುತ್ತದೆ.